ನೀರು ಎಲ್ಲಿಗೆ ಬಂತು

ಹೊಳೆಯ ಬದಿಯಲ್ಲಿ ಗಾಳ ಹಾಕಿ ಕೂರುವುದು ಆರಾಮದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ವಾದಕ್ಕೆ ಹೋಗುವುದಿಲ್ಲ. ನನಗೆ ಗೊತ್ತಿರುವ ಆರಾಮ ಒಂದೇ ಒಂದು ಮಧ್ಯಾಹ್ನದ್ದು, ಅದನ್ನು ನೆನೆದರೆ ಇವತ್ತಿಗೂ ಅಂಗೈ ಬೆವರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹನ್ನೆರಡು ವರ್ಷ. ನಾನು ಮತ್ತು ನನ್ನ ತಾಯಿ, ಉಮ್ಮ, ಬಂಟ್ವಾಳದಲ್ಲಿದ್ದೆವು. ಉಪ್ಪ, ಅಂದರೆ ನನ್ನ ತಂದೆ, ಗಲ್ಫಿನಲ್ಲಿ. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದ ರಜೆ. ಆ ನಲವತ್ತೈದು ದಿನ ಅವರು ಊರಿಗೆಲ್ಲ ಸಿಗುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ಮದುವೆ ಮನೆ, ಮರಣದ ಮನೆ, ಮಗು ಹುಟ್ಟಿದ ಮನೆ, ವೀಸಾ ಕೇಳಿಕೊಂಡು ಬರುವವರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಜಗಲಿಯ ಕೆಳಗೆ ನಾಲ್ಕು ಜೊತೆ ಚಪ್ಪಲಿ ಇರುತ್ತಿತ್ತು. ಅವನ್ನೆಲ್ಲ ಎತ್ತಿ ಬಾವಿಗೆ ಹಾಕಬೇಕು ಎಂದು ನನಗೆ ಅನಿಸುತ್ತಿತ್ತು. ಸಿಟ್ಟು ನನಗೆ ಆಗಲೂ ಬೇಗ ಬರುತ್ತಿತ್ತು, ಈಗಲೂ ಹಾಗೇ.

ಆ ಸಲದ ರಜೆ ದಸರಾ ರಜೆಯ ಜೊತೆಗೆ ಬಂತು. ಉಪ್ಪ ಹೊರಡಲು ಐದು ದಿನ ಉಳಿದಿರುವಾಗ ನಾವು ಮೂವರು ವೇಣೂರಿನ ಹತ್ತಿರದ ಮಾಮಿಯ ಮನೆಗೆ ಹೋದೆವು. ಮಾಮಿ ಉಪ್ಪನ ಅಕ್ಕ, ಅದು ಉಪ್ಪ ಹುಟ್ಟಿ ಬೆಳೆದ ಮನೆ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಆ ಮನೆಯ ಕೆಳಗೆ ಗದ್ದೆ, ಗದ್ದೆ ದಾಟಿದರೆ ಫಲ್ಗುಣಿ ಹೊಳೆ. ಉಪ್ಪ ಈಜು ಕಲಿತದ್ದು ಅಲ್ಲಿ. ಮರುದಿನ ಊಟ ಮುಗಿಸಿ ಅವರು ಪೆಟ್ಟಿಗೆಯಿಂದ ಒಂದು ಗಾಳ ತೆಗೆದರು, ಹೊರದೇಶದ್ದು, ಮಡಚಲಿಕ್ಕೆ ಬರುವಂಥದ್ದು, ದಾರ ಸುತ್ತುವ ರಾಟೆ ಇದ್ದದ್ದು. ನನ್ನನ್ನು ನೋಡಿ, "ಬರ್ತೀಯಾ?" ಎಂದರು. ಬೇರೆ ಯಾರನ್ನೂ ಕರೆಯಲಿಲ್ಲ.

ಉಮ್ಮ ಮೂಡಣದ ಕಡೆ ನೋಡಿದರು. ನಮ್ಮ ತಲೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ದೂರದಲ್ಲಿ ಘಟ್ಟದ ತುದಿ ಮಾತ್ರ ಕಾಣುತ್ತಿರಲಿಲ್ಲ, ಅಲ್ಲಿ ಒಂದು ಕಪ್ಪು ಗೋಡೆ ನಿಂತಿತ್ತು.

"ಅಸರ್ ಬಾಂಗ್ ಕೊಡುವ ಮೊದಲು ಮನೆಯಲ್ಲಿ ಇರಬೇಕು," ಎಂದರು ಉಮ್ಮ. "ಮಗುವನ್ನು ನೀರಿಗೆ ಇಳಿಸ್ಲಿಕ್ಕಿಲ್ಲ." ಅಸರ್ ಎಂದರೆ ಇಳಿಹೊತ್ತಿನ ನಮಾಜು, ಬಾಂಗ್ ಅದರ ಕರೆ.

"ನಾನು ಈ ಹೊಳೆಯಲ್ಲೇ ಬೆಳೆದದ್ದು," ಎಂದರು ಉಪ್ಪ.

ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಬರೆಯುವಾಗ ಕನ್ನಡವಾಗಿದೆ, ಮಾತು ಅವರದ್ದೇ.

ಹೊಳೆಯಲ್ಲಿ ದಡದಿಂದ ಹದಿನೈದು ಹೆಜ್ಜೆ ಆಚೆ ಒಂದು ಚಪ್ಪಟೆ ಪಾದೆ ಇತ್ತು. ದೊಡ್ಡ ಬಂಡೆಗೆ ನಮ್ಮಲ್ಲಿ ಪಾದೆ ಅನ್ನುತ್ತಾರೆ. ದಡಕ್ಕೂ ಅದಕ್ಕೂ ನಡುವೆ ಮೊಣಕಾಲು ಮುಳುಗುವಷ್ಟು ನೀರು, ಆಚೆ ಮಗ್ಗುಲಲ್ಲಿ ಆಳದ ಗುಂಡಿ. ಮೀನು ಇರುವುದು ಗುಂಡಿಯಲ್ಲಿ. ಪಾದೆಗೆ ಹೋಗುವ ಮೊದಲು ಉಪ್ಪ ದಡದ ಪೊದೆಯಿಂದ ಸೊಂಟದೆತ್ತರದ ಹಸಿ ಕೋಲೊಂದನ್ನು ಮುರಿದರು. ಒಂದು ತುದಿಯಿಂದ ಗೇಣಿನಷ್ಟು ಮೇಲೆ, ಎರಡು ಬೆರಳಿನಗಲ, ಸುತ್ತಲೂ ಉಗುರಿನಿಂದ ಸಿಪ್ಪೆ ಕಿತ್ತರು. ಹಸಿರು ಕೋಲಿಗೆ ಬಿಳಿ ಬಳೆ ತೊಡಿಸಿದ ಹಾಗೆ ಕಂಡಿತು.

ಅದು ಆ ಹೊಳೆಯವರ ಕ್ರಮ. ಅಕ್ಟೋಬರದಲ್ಲಿ ಇಲ್ಲಿ ಒಂದು ಹನಿ ಬೀಳದಿದ್ದರೂ ಘಟ್ಟದಲ್ಲಿ ಸುರಿದ ಮಳೆ ಎರಡು ಗಂಟೆ ಕಳೆದು ಇಲ್ಲಿಗೆ ತಲುಪುತ್ತದೆ. ಆಕಾಶ ನೋಡಿದರೆ ಅದು ತಿಳಿಯುವುದಿಲ್ಲ. ಆದ್ದರಿಂದ ಪಾದೆಯ ಬುಡದ ಮರಳಿನಲ್ಲಿ, ನೀರಿನ ಅಂಚಿಗೆ ಸರಿಯಾಗಿ ಕೋಲು ಊರುವುದು. ನೀರು ಬಿಳಿ ಬಳೆ ಮುಟ್ಟಿದರೆ ಮಾತಿಲ್ಲದೆ ಎದ್ದು ದಡಕ್ಕೆ ಬರುವುದು. ಗಾಳಕ್ಕೆ ಮೀನು ಸಿಕ್ಕಿಕೊಂಡಿದ್ದರೂ ಸರಿ.

"ಇದನ್ನು ನೋಡುವ ಕೆಲಸ ನಿನ್ನದು," ಎಂದರು ಉಪ್ಪ, ಪಾದೆಗೆ ದಾಟಿ ಕೋಲು ಊರಿದ ಮೇಲೆ. "ನಾನು ಕೇಳಿದಾಗ ಹೇಳು. ನನಗೆ ಆಚೆಯಿಂದ ಕಾಣುವುದಿಲ್ಲ."

ಅವರು ಗುಂಡಿಯ ಕಡೆ ಮುಖ ಮಾಡಿ ಕುಳಿತರು. ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು, ದಡದ ಕಡೆ ಮುಖ ಮಾಡಿ ಕುಳಿತೆ. ಅವರ ಬನಿಯನ್ನಿನ ಬೆವರು ನನ್ನ ಅಂಗಿಗೆ ಹತ್ತುತ್ತಿತ್ತು. ಅರ್ಧ ಗಂಟೆ ಒಂದು ಮಾತೂ ಇಲ್ಲ. ಒಂದು ಮುಗುಡು ಮೀನು ಸಿಕ್ಕಿತು, ಬಕೆಟ್ಟಿನಲ್ಲಿ ಪಟಪಟ ಹೊಡೆದುಕೊಂಡು ಸುಮ್ಮನಾಯಿತು. ಆಮೇಲೆ ಉಪ್ಪ ಮಾತಾಡತೊಡಗಿದರು.

ನನ್ನ ಹತ್ತಿರ ಅವರು ಹಾಗೆ ಮಾತಾಡಿದ್ದು ಅದೇ ಮೊದಲು. ಅದುವರೆಗೆ "ಓದುತ್ತೀಯಾ, ಉಮ್ಮ ಹೇಳಿದ್ದು ಕೇಳ್ತೀಯಾ" ಇಷ್ಟೇ. ಅವತ್ತು ಅವರ ರೂಮಿನ ಬಗ್ಗೆ ಹೇಳಿದರು. ಎಂಟು ಜನ, ಒಂದು ಕಿಟಕಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ವರ್ಷಕ್ಕೆ ಒಂದೋ ಎರಡೋ ಸಲ ಮಳೆ ಬಂದರೆ ಎಂಟೂ ಜನ ಕೆಳಗೆ ಓಡಿ ಮೆಟ್ಟಿಲಿನ ಮೇಲೆ ನಿಲ್ಲುತ್ತಾರಂತೆ, ಸಣ್ಣ ಮಕ್ಕಳ ಹಾಗೆ.

"ಹೋದ ವರ್ಷ ಒಂದು ಮಳೆ ಬಂತು," ಎಂದರು. "ನಾನು ಮೆಟ್ಟಿಲಲ್ಲಿ ನಿಂತಿದ್ದೆ. ಅವತ್ತೇ ಊರಿಂದ ನಿನ್ನ ಕಾಗದ ಬಂದಿತ್ತು."

ಆಗ ನಾನು ಕೋಲು ನೋಡಿದೆ. ನೀರು ಬಿಳಿ ಬಳೆಯ ಕೆಳ ಅಂಚನ್ನು ಮುಟ್ಟಿತ್ತು.

ಹೇಳಬೇಕಿತ್ತು. ಹೇಳಿದರೆ ಎದ್ದು ಹೋಗಬೇಕು. ಮನೆಯಲ್ಲಿ ಜಗಲಿ ತುಂಬ ಜನ ಕಾದಿರುತ್ತಾರೆ. ಇನ್ನು ನಾಲ್ಕು ದಿನ, ಆಮೇಲೆ ಬೊಂಬಾಯಿ ಬಸ್ಸು, ಆಮೇಲೆ ಎರಡು ವರ್ಷ. ನನ್ನ ಕಾಗದ ಓದಿ ಅವರಿಗೆ ಏನನಿಸಿತು ಎಂಬುದು ನನಗೆ ಬೇಕಿತ್ತು. ನಾನು ಕಾಲು ಚಾಚಿ, ಕೈ ನೀಡಿ, ಕೋಲನ್ನು ಮೆಲ್ಲನೆ ಕಿತ್ತು ಒಂದು ಗೇಣು ಮೇಲಕ್ಕೆ, ಒಣ ಮರಳಿನಲ್ಲಿ ಊರಿದೆ.

"ನೀರು ಎಲ್ಲಿಗೆ ಬಂತು?" ಉಪ್ಪ ಕೇಳಿದರು.

"ಅಲ್ಲೇ ಉಂಟು," ಎಂದೆ.

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ನನಗೇ ಹೆದರಿಕೆಯಾಯಿತು. ಉಪ್ಪ ಗಾಳಕ್ಕೆ ಹೊಸ ಎರೆಹುಳು ಸಿಕ್ಕಿಸಲು ಮಾತು ನಿಲ್ಲಿಸಿದರು. ನಾನು ಕಾದೆ. ಹೊಳೆಯ ಸದ್ದು ಬದಲಾಗಿತ್ತು. ಮೊದಲು ಕಲ್ಲಿನ ಮೇಲೆ ಬಡಬಡ ಮಾತಾಡುತ್ತಿದ್ದ ನೀರು ಈಗ ಕಲ್ಲುಗಳನ್ನು ಮುಚ್ಚಿ ಸದ್ದಿಲ್ಲದೆ ಹೋಗುತ್ತಿತ್ತು. ಬಣ್ಣ ಚಹಾದ ಬಣ್ಣಕ್ಕೆ ತಿರುಗಿತ್ತು. ಒಣಗಿದ ಎಲೆಗಳ ಒಂದು ಗುಂಪು ಬಂತು, ಅದರ ಹಿಂದೆ ನೊರೆ. ಬಿಸಿಲು ಮಾತ್ರ ಹಾಗೇ ಸುಡುತ್ತಿತ್ತು.

ಎರಡನೆಯ ಸಲ ನೀರು ಬಳೆ ಮುಟ್ಟಿದಾಗಲೂ ಕೋಲು ಕಿತ್ತೆ. ಈ ಸಲ ಮೊಳದಷ್ಟು ಮೇಲೆ ಊರಿದೆ. ಆ ಹೊತ್ತಿಗೆ ನನಗೆ ಕಾಗದದ ಕಥೆ ಬೇಡವಾಗಿತ್ತು, ಮನೆಗೆ ಹೋದರೆ ಸಾಕಿತ್ತು. ಆದರೆ ಈಗ ಹೇಳಿದರೆ ಉಪ್ಪ ತಿರುಗಿ ನೋಡುತ್ತಾರೆ, ಕೋಲು ಎಲ್ಲಿದೆ ಎಂದು ಕಾಣುತ್ತದೆ, ಮೊದಲನೆಯ ಸುಳ್ಳೂ ಹೊರಗೆ ಬೀಳುತ್ತದೆ. ನನಗೆ ಹೊಳೆಗಿಂತ ಅದರ ಹೆದರಿಕೆಯೇ ಹೆಚ್ಚು ಇತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ನೀರು ಎಲ್ಲಿಗೆ ಬಂತು?"

"ಅಲ್ಲೇ ಉಂಟು."

ಮೂರನೆಯ ಸಲ ಊರಲಿಕ್ಕೆ ಮರಳೇ ಉಳಿದಿರಲಿಲ್ಲ. ಕೋಲು ಪಾದೆಗೆ ತಾಗಿಕೊಂಡು ನಿಂತಿತ್ತು, ನೀರು ಬಿಳಿ ಬಳೆಯನ್ನು ದಾಟಿತ್ತು. ದಡದ ಕಡೆಯಿಂದ ಯಾರೋ ಕೂಗಿದ್ದು ಕೇಳಿಸಿತು. ಮಾಮಿಯ ಮನೆಯ ನೆರೆಯವರೊಬ್ಬರು, ಉಪ್ಪನ ಜೊತೆಗೆ ಶಾಲೆಗೆ ಹೋದವರು, ದನ ಹುಡುಕಿಕೊಂಡು ಬಂದವರು. ಕೈ ಎರಡನ್ನೂ ಎತ್ತಿ ಬೀಸುತ್ತಿದ್ದರು.

ಉಪ್ಪ ತಿರುಗಿದರು. ಒಂದೇ ಸಲಕ್ಕೆ ಎದ್ದು ನಿಂತರು. ದಡಕ್ಕೂ ನಮಗೂ ನಡುವೆ ಮೊಣಕಾಲಿನ ನೀರು ಇರಲಿಲ್ಲ. ಕೆಂಪು ಹೊಳೆಯೊಂದು ಹರಿಯುತ್ತಿತ್ತು.

"ಬೆನ್ನಿಗೆ ಹತ್ತು," ಎಂದರು. "ಕುತ್ತಿಗೆ ಹಿಡಿ. ಏನಾದರೂ ಬಿಡಬೇಡ."

ಗಾಳವನ್ನೂ ಬಕೆಟ್ಟನ್ನೂ ಅಲ್ಲೇ ಬಿಟ್ಟರು. ನೀರಿಗಿಳಿಯುವ ಮೊದಲು ಆಳ ನೋಡಲಿಕ್ಕೆ ಬಗ್ಗಿ ಆ ಕೋಲನ್ನು ಕಿತ್ತರು. ಅದು ಇದ್ದ ಜಾಗವನ್ನು ಒಂದು ಕ್ಷಣ ನೋಡಿದರು. ಅವಸರದಲ್ಲಿ ಅವರಿಗೆ ಏನೂ ಹೊಳೆಯಲಿಲ್ಲ ಎಂದು ನಾನು ಆಗ ನಂಬಿದೆ, ಮುಂದೆ ಎಷ್ಟೋ ವರ್ಷ ಹಾಗೆಯೇ ನಂಬಿಕೊಂಡಿದ್ದೆ.

ಮೊದಲ ಹೆಜ್ಜೆಗೆ ಸೊಂಟದವರೆಗೆ ನೀರು, ನಾಲ್ಕನೆಯದಕ್ಕೆ ಎದೆಯವರೆಗೆ. ಉಪ್ಪ ಅಡ್ಡಡ್ಡವಾಗಿ, ಒಂದೊಂದೇ ಕಾಲು ಊರುತ್ತ ಹೋದರು. ಅವರ ಉಸಿರು ನನ್ನ ಕೈಯ ಕೆಳಗೆ ಏರಿಳಿಯುವುದು ಗೊತ್ತಾಗುತ್ತಿತ್ತು. ನಡುವಿನಲ್ಲಿ ಕಾಲು ಜಾರಿತು. ಇಬ್ಬರ ತಲೆಯ ಮೇಲೂ ನೀರು ಹೋಯಿತು. ಮೂಗು, ಬಾಯಿಯೆಲ್ಲ ಕೆಸರು. ನಾನು ಕುತ್ತಿಗೆ ಬಿಡಲಿಲ್ಲ. ಅವರಿಗೆ ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದು ಆಮೇಲೆ ಕುತ್ತಿಗೆಯ ಗುರುತು ನೋಡಿ ತಿಳಿಯಿತು. ತಲೆ ಮೇಲೆ ಬಂದಾಗ ನಾವು ಹತ್ತು ಹೆಜ್ಜೆ ಕೆಳಗಿದ್ದೆವು. ಎದುರಿಗೆ ಒಂದು ಉದ್ದದ ಬಿದಿರು ಚಾಚಿಕೊಂಡಿತ್ತು. ನೆರೆಯವರು ತೋಟದ ಬೇಲಿಗೆ ಒರಗಿಸಿದ್ದ, ತೆಂಗಿನಕಾಯಿ ಕೀಳುವ ದೋಟಿಯನ್ನು ಹಿಡಿದು ಸೊಂಟದ ನೀರಿನಲ್ಲಿ ನಿಂತಿದ್ದರು. ಉಪ್ಪ ಅದನ್ನು ಹಿಡಿದರು.

ಮೂವರೂ ದಡ ಹತ್ತಿದೆವು. ಪಾದೆ ಮುಳುಗುವುದು ಕಣ್ಣೆದುರೇ ಕಂಡಿತು.

"ಎಂತ ಮಾರಾಯ," ನೆರೆಯವರು ತುಳುವಿನಲ್ಲಿ ಬೈದರು. "ಅಷ್ಟು ದೂರ ಹೋದವನಿಗೆ ಕೋಲು ಊರುವುದೂ ಮರೆತು ಹೋಯ್ತಾ? ಮಗು ಬೇರೆ ಜೊತೆಗೆ."

ಉಪ್ಪನ ಕೈಯಲ್ಲಿ ಆ ಕೋಲು ಇನ್ನೂ ಇತ್ತು. ಅದನ್ನು ನೀರಿಗೆ ಎಸೆದರು. "ಹೌದು, ಮರೆತು ಹೋಯ್ತು," ಎಂದರು.

ಮನೆ ತಲುಪುವಾಗ ಅಸರ್ ಬಾಂಗ್ ಆಗಿ ಬಹಳ ಹೊತ್ತಾಗಿತ್ತು. ಉಮ್ಮ ನನ್ನ ತಲೆ ಒರೆಸುತ್ತ, ಅಳುತ್ತ ಕೇಳಿದರು. "ನೀರು ನೋಡ್ಲಿಕ್ಕೆ ಯಾರು ಕೂತದ್ದು?"

ನಾನು ಬಾಯಿ ತೆರೆದೆ. ಉಪ್ಪ ಅಷ್ಟರಲ್ಲಿ, "ನಾನೇ. ಕಣ್ಣಿಗೆ ನಿದ್ರೆ ಹತ್ತಿತು," ಎಂದರು.

ಉಮ್ಮ ಅವರನ್ನು ಹಾಗೆ ಬೈದದ್ದು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಎರಡು ವರ್ಷಕ್ಕೊಮ್ಮೆ ಬಂದು ಮಗುವನ್ನು ಹೊಳೆಗೆ ಕೊಡ್ಲಿಕ್ಕಾ ನೀವು, ಎಂದರು. ಇನ್ನು ಹೊಳೆಗೆ ಇಳಿಯುವುದಿಲ್ಲ ಎಂದು ಮಾತು ಕೊಡಿ, ಎಂದರು. ಉಪ್ಪ ತಲೆ ತಗ್ಗಿಸಿ ಕೊಟ್ಟರು. ನಾನು ಟವೆಲ್ಲಿನೊಳಗೆ ಮುಖ ಅಡಗಿಸಿ ಸುಮ್ಮನಿದ್ದೆ. ಬಾಯಿ ಮುಚ್ಚಿ ಕೂತ ಆ ಹೊತ್ತು ನನ್ನ ಬದುಕಿನ ಎಲ್ಲಕ್ಕಿಂತ ಹೇಡಿತನದ ಹೊತ್ತು.

ಅವರು ಕೊಟ್ಟ ಮಾತು ಉಳಿಸಿಕೊಂಡರು. ಮುಂದಿನ ರಜೆಗಳಲ್ಲಿ ವೇಣೂರಿಗೆ ಹೋದರೂ ಗದ್ದೆಯ ಅಂಚಿನವರೆಗೆ ನಡೆದು, ಅಲ್ಲಿಂದ ಹೊಳೆಯನ್ನು ನೋಡಿ ಹಿಂದೆ ಬರುತ್ತಿದ್ದರು. ಇಬ್ಬರೇ ಕೂತು ಮಾತಾಡುವ ಇನ್ನೊಂದು ಮಧ್ಯಾಹ್ನ ನನಗೆ ಸಿಗಲೇ ಇಲ್ಲ. ಒಂದು ಗಂಟೆ ಹೆಚ್ಚಿಗೆ ಬೇಕು ಎಂದು ಕೋಲು ಸರಿಸಿದವಳು ಹೀಗೆ ಎಲ್ಲವನ್ನೂ ಕಳೆದುಕೊಂಡೆ.

ನನ್ನ ಮದುವೆಯಾಗಿ ನಾನು ಮೂಡುಬಿದಿರೆಗೆ ಬಂದೆ. ಎರಡು ಸಾವಿರದ ಇಸವಿಯ ನಂತರ ಉಪ್ಪ ಗಲ್ಫ್ ಬಿಟ್ಟು ಬಂದರು, ಒಂದು ಮೊಣಕಾಲು ಸರಿಯಿರಲಿಲ್ಲ. ಒಂದು ಅಕ್ಟೋಬರದಲ್ಲಿ ಮಾಮಿಯನ್ನು ನೋಡಲು ಎಲ್ಲರೂ ಹೋದಾಗ ನಾನೇ ಉಮ್ಮನ ಹತ್ತಿರ ಕೇಳಿದೆ. "ದಡದಲ್ಲಿ ಕೂತುಕೊಳ್ತೇವೆ. ಪಾದೆಗೆ ಹೋಗುವುದಿಲ್ಲ." ಉಮ್ಮ ಮೂಡಣದ ಕಡೆ ನೋಡಿ, ನನ್ನನ್ನು ನೋಡಿ, "ಅಸರ್ ಬಾಂಗ್," ಎಂದಷ್ಟೇ ಹೇಳಿದರು. ಅವತ್ತು ಎಲ್ಲ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿಕೊಂಡಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಉಪ್ಪ ಪೊದೆಯಿಂದ ಕೋಲು ಮುರಿದು, ಸಿಪ್ಪೆ ಕಿತ್ತು, ನನ್ನ ಕೈಗೆ ಕೊಟ್ಟರು. ನಾನು ನೀರಿನ ಅಂಚಿನಲ್ಲಿ ಊರಿ ಅಲ್ಲೇ ಕುಳಿತೆ. ಅವರು ಮೇಲಿನ ಕಲ್ಲಿನಲ್ಲಿ, ಹತ್ತು ಹೆಜ್ಜೆ ಆಚೆ, ಮಾಮಿಯ ಮನೆಯ ಬಿದಿರಿನ ಗಾಳ ಹಿಡಿದು ಕುಳಿತರು. ಘಟ್ಟದ ಮೇಲೆ ಮೋಡ ಇತ್ತು. ನಾನು ಬಿಳಿ ಬಳೆಯಿಂದ ಕಣ್ಣು ತೆಗೆಯಲಿಲ್ಲ, ಜೋಡಿಸಿಕೊಂಡ ಮಾತನ್ನು ಮುಂದೆ ಹಾಕುತ್ತಲೇ ಇದ್ದೆ.

"ನೀರು ಎಲ್ಲಿಗೆ ಬಂತು?" ಉಪ್ಪ ಕೇಳಿದರು.

"ಅಲ್ಲೇ ಉಂಟು."

ಅದು ನಿಜವಾಗಿತ್ತು. ನೀರು ಒಂದು ಕೂದಲಿನಷ್ಟೂ ಏರಿರಲಿಲ್ಲ.

ಉಪ್ಪ ಗಾಳವನ್ನು ಕೆಳಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದರು. ಕಲ್ಲಿನಿಂದ ಕಲ್ಲಿಗೆ ಕಾಲು ಇಡುತ್ತ, ನೋವಿಗೆ ತುಟಿ ಕಚ್ಚುತ್ತ, ನಾನು ಕೂತಲ್ಲಿಗೆ ಬಂದರು. ಬಗ್ಗಿ ಕೋಲನ್ನು ನೋಡಿದರು. ಅದರ ಬುಡದ ಮರಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

ನನಗೆ ತಲೆ ಎತ್ತಲು ಆಗಲಿಲ್ಲ. ಅವರಿಗೆ ಅವತ್ತೇ ಗೊತ್ತಾಗಿತ್ತು. ಅಷ್ಟು ವರ್ಷ ನನ್ನ ಸುಳ್ಳನ್ನು ತಮ್ಮ ನಿದ್ರೆ ಮಾಡಿಕೊಂಡು, ಉಮ್ಮನ ಬೈಗುಳ ತಿಂದು, ಹೊಳೆ ಬಿಟ್ಟು ಕೂತಿದ್ದರು.

"ಉಪ್ಪ, ಅವತ್ತು ನಾನು..."

"ಹೌದು, ಅಲ್ಲೇ ಉಂಟು," ಎಂದರು ಅವರು, ಕೋಲನ್ನೇ ನೋಡುತ್ತ. ಒದ್ದೆ ಕೈಯನ್ನು ನನ್ನ ತಲೆಯ ಮೇಲೆ ಇಟ್ಟು, ಭಾರ ಹಾಕಿ ಮೇಲೆದ್ದರು. "ಇನ್ನು ನಾನು ನೋಡ್ಲಿಕ್ಕೆ ಬರುವುದಿಲ್ಲ. ನೀನೇ ನೋಡು."

ಹಿಂದೆ ಹೋಗಿ ಹೊಳೆಯ ಕಡೆ ಮುಖ ಮಾಡಿ ಕುಳಿತರು. ಬಾಂಗ್ ಕೇಳುವವರೆಗೆ ಮತ್ತೆ ಒಂದು ಸಲವೂ ಕೇಳಲಿಲ್ಲ.