ಹನ್ನೆರಡು ದುಂಬಿ, ಹನ್ನೆರಡು ಚೀಟಿ

ನನ್ನ ಮೊಮ್ಮಗಳು ರೇಣುಕಾ ಗೆದ್ದಳು! ಹೆಸರಿಲ್ಲದೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಿಮಾಲಯದ ದುಂಬಿಯ ಜಾತಿ ಯಾವುದೆಂದು ಗುರುತಿಸಿ ದಾಖಲಿಸಿದ್ದಾಳೆ. ಅದು ಅಚ್ಚಾದ ಪುಸ್ತಕ ಇವತ್ತು ಬೆಳಿಗ್ಗೆ ಭಾಲ್ಕಿಯ ನಮ್ಮ ಮನೆಗೆ ಬಂತು. ನಾನು ಎರಡನೆಯ ಇಯತ್ತೆ ಓದಿದವಳು, ಆದರೂ ಆ ದುಂಬಿ ನನಗೆ ಹಳೆಯ ಪರಿಚಯ.

1948ರಲ್ಲಿ ನಾನು ಬೀದರಿನ ಬೇಸಾಯದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದೆ. ನಿಜಾಮನ ಮೇಲಿನ ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ ಊರು ಬಿಡುವಾಗ ಕೀಟದ ಸಾಹೇಬರು ಒಂದು ಕಟ್ಟಿಗೆಯ ಪೆಟ್ಟಿಗೆ ಕೊಟ್ಟರು.

"ಗಂಗವ್ವ, ಇದಕ್ಕ ಹುಳ ಹತ್ತದಂಗ ನೋಡ್ಕೋ."

"ಹುಳದ ಪೆಟ್ಟಿಗಿಗೂ ಹುಳ ಹತ್ತತಾವೇನ್ರಿ?"

ಒಳಗೆ ಸೂಜಿಗೆ ಚುಚ್ಚಿದ ಹನ್ನೆರಡು ಸೋಲ್ಜರ್ ಬೀಟಲ್, ಅಂದರೆ ಮೆತ್ತನೆ ರೆಕ್ಕೆಯ ದುಂಬಿ. ಒಂದೊಂದೂ ಹಿಮಾಲಯದ ಒಂದೊಂದು ಬೆಟ್ಟದಲ್ಲಿ ಹಿಡಿದದ್ದು. ಪ್ರತಿಯೊಂದರ ಕೆಳಗೂ ಉರ್ದು ಬರೆದ ಚೀಟಿ. ದಿನವೂ ಮುಚ್ಚಳ ತೆಗೆದು ನೋಡುತ್ತಿದ್ದೆ. ಸಾಹೇಬರು ಬರುತ್ತಾರೆಂದು ಗೊತ್ತಾದ ದಿನ, ಧೂಳು ಹಿಡಿದ ಚೀಟಿಗಳನ್ನು ಕಂಡು ಕೈ ತಡೆಯಲಿಲ್ಲ. ಎಲ್ಲ ಚೀಟಿ ಸೂಜಿಯಿಂದ ಜಾರಿಸಿ, ಒರೆಸಿ, ಒಂದೇ ಡಬ್ಬಿಯಲ್ಲಿಟ್ಟೆ.

ಸಾಹೇಬರು ಬಂದು ಮುಚ್ಚಳ ತೆಗೆದರು. "ಯಾವ ಬೆಟ್ಟದ್ದಂತ ಚೀಟಿ ಇಲ್ಲದ ಹುಳ ಕಸಾನೇ! ನನ್ನ ಇಷ್ಟು ವರ್ಷದ ಕೆಲಸ ಹೋತು."

"ನಾ ಜೋಡಿಸ್ತೇನ್ರಿ."

"ಉರ್ದು ಓದಾಕ ಬರ್ತದೇನು ನಿನಗ?"

"ಕುರಿ ಹೆಸರು ಬರಕೊಂಡು ಹುಟ್ತಾವೇನ್ರಿ?"

ನಾನು ಮೆಹಕರದ ಕುರಿಯವರ ಮಗಳು. ಮಂದೆಯಲ್ಲಿ ಎಷ್ಟಿದ್ದರೂ ಒಂದೊಂದರ ಮುಖ ಬೇರೆ. ದಿನವೂ ನೋಡಿದ ದುಂಬಿಗಳೂ ಹಾಗೆಯೇ: ಮೀಸೆ ಮುರಿದದ್ದಕ್ಕೆ ಮಸಿ ಚೆಲ್ಲಿದ ಚೀಟಿ, ಕಾಲು ಸೊಟ್ಟದ್ದಕ್ಕೆ ಮೂಲೆ ಹರಿದದ್ದು. ಹತ್ತು ಜೋಡಿಸಿ ಕೈ ನಿಲ್ಲಿಸಿದೆ. "ಈ ಎರಡರ ಮ್ಯಾಲ ನಂಬಿಕಿ ಇಲ್ರಿ."

ಅವರ ನೋಟ್‌ಬುಕ್ಕಿನಲ್ಲಿ ಮೂರು ದುಂಬಿಗಳ ಗುರುತು ಮಾತ್ರ ಬರೆದಿತ್ತು. ಮೂರೂ ಸರಿಬಂದವು. ಉಳಿದ ಏಳನ್ನು ನನ್ನ ಮಾತಿನ ಮೇಲೆ ನಂಬಿ, ಆ ಎರಡಕ್ಕೆ 'ಅನುಮಾನ' ಎಂದು ಬರೆದರು. ನೌಕರಿಯೂ ಉಳಿಯಿತು.

ಕಚೇರಿಯ ಸಂಗ್ರಹದಲ್ಲೇ ಉಳಿದಿದ್ದ ಆ ಪೆಟ್ಟಿಗೆ, ಕೀಟಗಳ ಬಗ್ಗೆ ಓದಿದ ರೇಣುಕಾಳ ಕೈಗೆ ಬಂತು. ಅವಳು ದಾಖಲಿಸಿದ್ದು ಆ ಏಳರಲ್ಲೊಂದು. ಚೀಟಿ ಹೇಳಿದ ಬೆಟ್ಟಕ್ಕೇ ಹತ್ತಿ ಹೋಗಿ, ಅಲ್ಲಿ ಅದೇ ದುಂಬಿ ಹೂವಿನ ಮೇಲೆ ಜೀವಂತ ಕೂತದ್ದನ್ನು ಕಂಡಳಂತೆ! ಕಸವೆನ್ನುವ ಮೊದಲು ಕೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ರೊಟ್ಟಿಬುಟ್ಟಿಯ ಪಕ್ಕ ಬಿದ್ದಿದ್ದ ಕಾಗದಕ್ಕೆ ನಾನು ಕೈ ಹಾಕಿದ್ದೇ ತಡ, ರೇಣುಕಾ ಕೂಗಿದಳು: "ಆಯಿ, ಅದು ಕಸ ಅಲ್ಲ!"

ನಗುತ್ತ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.