ಗ್ಯಾದರಿಂಗ್ ದಿನದ ಕ್ಯಾಸೆಟ್ಟು

ರಜಿಯಾಬಿ, ಅಂದು ಗ್ಯಾದರಿಂಗ್‌ನಲ್ಲಿ ನೀವು ಕೇಳಿದ್ದು ನಿಮ್ಮ ಮಗಳ ದನಿಯಲ್ಲ. ನಾನು ಸುಳ್ಳು ಹೇಳಿದೆ. ಹಸೀನಾ ಆ ದಿನ ಹಾಡಲಿಲ್ಲ — ಹಾಡಲು ಬಾಯಿ ತೆರೆದಳು, ನಾನು ಮುಚ್ಚಿಸಿದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಘಾಟ್ಕೋಪರಿನ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ನಾನು ಸಂಗೀತದ ಟೀಚರ್. ಮಾತು ಬಾರದ, ಬುದ್ಧಿ ನಿಧಾನವಾದ ಮಕ್ಕಳಿಗೆಂದು ಅಲ್ಲೊಂದು ಬೇರೆ ತರಗತಿ ಇತ್ತು. ಬಾಂದ್ರಾದಲ್ಲಿ ಸಣ್ಣದೊಂದು ತರಬೇತಿ ಮುಗಿಸಿ ಬಂದು ಅದನ್ನು ನಾನೇ ಕೇಳಿ ಪಡೆದಿದ್ದೆ. ತರಬೇತಿಯಲ್ಲಿ ಒತ್ತಿ ಹೇಳಿದ್ದು ಒಂದೇ — ಮಗುವಿನ ಸ್ವರವನ್ನು ಹುಡುಕಿಕೊಂಡು ಹಾರ್ಮೋನಿಯಂ ಹೋಗಬೇಕು, ಹಾರ್ಮೋನಿಯಂಗೆ ಮಗು ಹೊಂದಿಕೊಳ್ಳಬೇಕಾಗಿಲ್ಲ. ಆ ತರಗತಿಗೆ ಬಂದ ಹಸೀನಾ ತಿಂಗಳುಗಟ್ಟಲೆ ಹಾರ್ಮೋನಿಯಂನ ತಿದಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಒಂದು ದಿನ ತಿದಿಯ ಜೊತೆ ತಾನೂ ಉಸಿರೆಳೆದು "ಆ—" ಎಂದಳು. ಒರಟು ದನಿ, ಯಾವ ಸ್ವರಕ್ಕೂ ಸರಿಯಾಗಿ ಕೂರದ ದನಿ. ನಾನು ಅತ್ತುಬಿಟ್ಟೆ.

ಆಮೇಲೆ ಗ್ಯಾದರಿಂಗ್ ಬಂತು, ಶಾಲೆಯ ವಾರ್ಷಿಕೋತ್ಸವ. ಮುನಿಸಿಪಾಲಿಟಿಯ ದೊಡ್ಡ ಸಾಹೇಬರು ಬರುವವರಿದ್ದರು. ಮೈಸೂರಿನಲ್ಲಿ ಶ್ರುತಿ ತಪ್ಪಿದಾಗಲೆಲ್ಲ ಗುರುಗಳಿಂದ ಏಟು ತಿಂದು ಕಲಿತವಳು ನಾನು. ಆ ಅಪಸ್ವರ ಮೈಕಿನಲ್ಲಿ ಕೇಳಿದರೆ ನನ್ನ ಹೆಸರು ಕೆಡುತ್ತದೆ ಅನ್ನಿಸಿತು — ಥೂ, ಎಂಥ ಹೆಸರು! ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಹೆಡ್‌ಮಾಸ್ತರರ ತಲೆಗೆ ಇದನ್ನು ಕಟ್ಟಲು ಎಷ್ಟೋ ವರ್ಷ ಒದ್ದಾಡಿದೆ, ಆಗಲಿಲ್ಲ. ನನ್ನ ಮಗಳನ್ನೂ ನಮ್ಮ ಬಿಲ್ಡಿಂಗಿನ ಮಕ್ಕಳನ್ನೂ ಕೂರಿಸಿ ಹಾಡಿಸಿ ಕ್ಯಾಸೆಟ್ ಮಾಡಿದೆ. ವೇದಿಕೆಯ ಮೇಲೆ ಕ್ಯಾಸೆಟ್ ಹಾಡಿತು, ತರಗತಿಯ ಮಕ್ಕಳು ಬಾಯಿ ಆಡಿಸಿದರು.

ಎತ್ತರದ ಹುಡುಗರ ಹಿಂದೆ, ಪರದೆಗೆ ಒತ್ತಿಕೊಂಡು ನಿಂತಿದ್ದ ಹಸೀನಾಗೆ ಮಾತ್ರ ಈ ಮೋಸ ತಿಳಿಯಲಿಲ್ಲ. ಹಾಡು ಕೇಳಿದ್ದೇ "ಆ—" ಎಂದು ಶುರುಮಾಡಿದಳು. ನಾನು ಪರದೆಯ ಸಂದಿಯಿಂದ ಕೈ ಹಾಕಿ ಅವಳ ಬಾಯಿ ಒತ್ತಿ ಹಿಡಿದೆ. "ಚುಪ್!" ಎಂದೆ. ಹಾಡು ಮುಗಿಯುವವರೆಗೂ ಅವಳ ಬಿಸಿಯುಸಿರು ನನ್ನ ಅಂಗೈಗೆ ಬಡಿಯುತ್ತಿತ್ತು.

ಸಂಗೀತದಿಂದ ಮೂಕರೂ ಹಾಡಿದರು ಎಂದು ಸಾಹೇಬರು ಭಾಷಣ ಬಿಗಿದು ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ, ನಾಚಿಕೆಗೆಟ್ಟವಳು! ಸೀರೆಗೆ ಫಾಲ್ ಹೊಲಿಯುವ ಕೆಲಸ ಬಿಟ್ಟು ಓಡಿಬಂದಿದ್ದ ನೀವು ನನ್ನ ಕೈ ಹಿಡಿದಿರಿ — ಅದೇ ಕೈ.

"ಅಕ್ಕೋರ, ಹುಡುಗರ ಹಿಂದ ಆಕಿ ಕಾಣಲಿಲ್ರೀ. ಆದ್ರ ಆ ಸಣ್ಣ ದನಿ ನಮ್ಮ ಹಸೀನಾಂದ ಹೌದಲ್ರೀ?"

"ಹೌದು," ಎಂದೆ.

ಅದು ನನ್ನ ಮಗಳ ದನಿ.

ಕೆಲವು ದಿನ ಬಿಟ್ಟು ಹಸೀನಾಳನ್ನು ಎಳೆದುಕೊಂಡು ಬಂದಿರಿ. "ಸಾಲ್ಯಾಗ ಹಾಡ್ತಾಳ, ಮನ್ಯಾಗ ಬಾಯಿ ಬಿಡವಲ್ಲಳ್ರೀ. ಭಾಳ ಹಟ. ನಿನ್ನಿ ಹೊಡದೇನ್ರೀ."

ಆಗಲಾದರೂ ಹೇಳಬಹುದಿತ್ತು. ನಿಮ್ಮ ಸೆರಗು ಹಿಡಿದು ನಿಂತ ಹಸೀನಾ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು — ಮಗುವಿಗೆ ಹೊಡೆಯಬಾರದು, ಪ್ರೀತಿಯಿಂದ ಕೇಳಿ ನೋಡಿ ಎಂದು ನಿಮಗೇ ಬುದ್ಧಿ ಹೇಳಿ ಕಳಿಸಿದೆ! ಅವಳು ಮತ್ತೆ ತಿದಿ ಮುಟ್ಟಲಿಲ್ಲ. ವರ್ಷ ಕಳೆಯುವ ಮುಂಚೆ ಶಾಲೆಯನ್ನೂ ಬಿಟ್ಟಳು.

ಮೊನ್ನೆ ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಮ್ಮಿಬ್ಬರನ್ನು ಕಂಡೆ. ಹಸೀನಾ ನಿಮಗಿಂತ ಎತ್ತರ ಬೆಳೆದಿದ್ದಾಳೆ. ನೀವು ಜೊತೆಯಲ್ಲಿದ್ದವರಿಗೆ ಹೇಳುತ್ತಿದ್ದಿರಿ: "ಸಣ್ಣಾಕಿ ಇದ್ದಾಗ ಎಷ್ಟ್ ಛಲೋ ಹಾಡಿದ್ಲು. ಹಟಕ್ಕ ಬಿದ್ದು ಬಿಟ್ಲು." ಹಸೀನಾ ತಲೆ ತಗ್ಗಿಸಿದಳು. ನಾನು ಹೇಡಿ, ಜನರ ಹಿಂದೆ ಸರಿದುಕೊಂಡೆ.

ಈ ಭಾನುವಾರ ನಿಮ್ಮ ಚಾಳಿನ ಮನೆಗೆ ಬರುತ್ತೇನೆ. ಬೈಯಿರಿ, ಹೊಡೆಯಿರಿ, ಕ್ಷಮೆ ಕೇಳುವ ಮುಖ ನನಗಿಲ್ಲ. ಹಸೀನಾಳನ್ನು ಮಾತ್ರ ಹೊರಗೆ ಕಳಿಸಬೇಡಿ. ಅವಳದು ಹಟವಲ್ಲ ಎಂಬುದನ್ನು ನಾನು ಅವಳ ಎದುರಿಗೇ ಹೇಳಬೇಕು.