ಹೊಸ್ತಿಲಲ್ಲಿ ಶೂ ಬಿಚ್ಚಿದ ದಿನ

ಗಂಡ ಹೆಂಡಿರ ಜಗಳಕ್ಕೆ ಹೋದ ಪೊಲೀಸರು ಹೇಗೆ ನಿಲ್ಲಬೇಕು ಎಂಬುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ಪರೀಕ್ಷೆಗೆ ಓದಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಮತ್ತೆ ನೆನಪಿಸಿದವರು ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಐವತ್ತೈದು ದಾಟಿದ, ಮಂಡಿನೋವಿನ ಮನುಷ್ಯ. ಅವರ ಪ್ರಕಾರ ಕಳ್ಳ ನಮ್ಮನ್ನು ಕಂಡರೆ ಓಡುತ್ತಾನೆ, ಇಸ್ಪೀಟಿನವರೂ ಓಡುತ್ತಾರೆ. ತನ್ನ ಮನೆಯಲ್ಲೇ ನಿಂತ ಗಂಡ ಮಾತ್ರ ಓಡುವುದಿಲ್ಲ, ತಿರುಗಿ ಬೀಳುತ್ತಾನೆ. ಅದಕ್ಕೇ ಅವನ ಕೈ ಮೇಲೆ ಕಣ್ಣಿಡು, ಅಡುಗೆಮನೆ ಕಡೆ ಬಿಡಬೇಡ, ಕಾಫಿ ಕೊಟ್ಟರೆ ಕುಡಿಯಬೇಡ ಎನ್ನುತ್ತಿದ್ದರು. ಕೊನೆಯದನ್ನು ಅವರೇ ಪಾಲಿಸುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಹಿರೀಸಾವೆಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದೆ ಬಂದಿತ್ತಷ್ಟೇ. ಹತ್ತಿರದ ಹಳ್ಳಿಯೊಂದರಲ್ಲಿ ಗಂಡ ಹೊಡೆಯುತ್ತಿದ್ದಾನೆಂದು ಹೆಂಡತಿಯೇ ಫೋನ್ ಮಾಡಿದ್ದಾಳೆ, ಬೇಗ ಹೋಗಿ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದರು. ಹೆಡ್ ಸಾಹೇಬರು ಇಡ್ಲಿಯನ್ನು ಒಮ್ಮೆ ನೋಡಿ ನಿಟ್ಟುಸಿರಿಟ್ಟು ಎದ್ದರು.

ಆ ಮನೆ ತಣ್ಣಗಿತ್ತು. ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಏಟಿಗೆ ಕೆನ್ನೆ ಊದಿದ್ದ ಹೆಂಡತಿ ಮೂಲೆಯಲ್ಲಿ ಕೂತಿದ್ದಳು. ಅವನ ತಾಯಿ ನನ್ನನ್ನು ಬಾಗಿಲಲ್ಲೇ ತಡೆದು, ನೆಂಟರನ್ನು ಕರೆಯುವಷ್ಟು ಅಕ್ಕರೆಯಿಂದ ಹೇಳಿದರು:

"ಶೂ ಬಿಟ್ಬುಟ್ಟು ಬಾ ಕಣವ್ವ, ಈಗ್ತಾನೆ ನೆಲ ಒರ್ಸಿವ್ನಿ."

ನಾನು ಚನ್ನರಾಯಪಟ್ಟಣ ಸೀಮೆಯ ರೈತರ ಮನೆ ಹುಡುಗಿ. ಒರೆಸಿದ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ನಡೆದರೆ ನಮ್ಮವ್ವ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಖಾಕಿ ತೊಟ್ಟು ಮೂರೇ ವರ್ಷ, ಅವ್ವನ ಹೆದರಿಕೆ ಹುಟ್ಟಿನಿಂದ ಬಂದದ್ದು. ಹಿಂದುಮುಂದು ನೋಡದೆ ಬಗ್ಗಿದೆ. ಒಂದು ಶೂ ಬಂತು. ಇನ್ನೊಂದರ ಲೇಸು ಕಗ್ಗಂಟಾಯಿತು. ಕರ್ನಾಟಕ ಸರ್ಕಾರ ಒಂಟಿ ಕಾಲಿನಲ್ಲಿ ಕುಂಟುತ್ತಿತ್ತು.

ಗಂಡ ಕಾಯುತ್ತಿದ್ದದ್ದು ಅಷ್ಟಕ್ಕೇ. ಅಡುಗೆಮನೆಯಿಂದ ಮುದ್ದೆಯ ಹಿಟ್ಟು ತಿರುವುವ ಕೋಲನ್ನು ಎಳೆದುಕೊಂಡು ನುಗ್ಗಿ ಬಂದು ನನ್ನ ಬಗ್ಗಿದ ತಲೆಯ ಮೇಲೆ ಬೀಸಿದ. ನಾನು ನೋಡಲೇ ಇಲ್ಲ. ಮಂಡಿನೋವಿನ ಹೆಡ್ ಸಾಹೇಬರು ಶೂ ಸಮೇತ ಆ ಒರೆಸಿದ ನೆಲದ ಮೇಲೆ ಹಾರಿ ಎಡಗೈ ಅಡ್ಡ ಕೊಟ್ಟರು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಹೊರಗಿದ್ದ ನಮ್ಮ ಜೀಪಿನ ಡ್ರೈವರ್ ಓಡಿಬಂದ. ನಾನು ಒಂದೇ ಶೂನಲ್ಲಿ ಗಂಡನ ಮೇಲೆ ಬಿದ್ದೆ. ಅವನನ್ನು ಹಿಡಿದು ಅದುಮಿದ ಮೇಲೂ ಅವನ ತಾಯಿಯ ಅಳಲು ನೆಲ ಕೊಳೆಯಾಯಿತು ಎಂಬುದೇ.

ಠಾಣೆಯಿಂದ ಬಂದ ಇನ್ನೊಂದು ಜೀಪಿಗೆ ಗಂಡನನ್ನು ಹತ್ತಿಸಿದೆವು. ಹೆಂಡತಿಯನ್ನೂ ಹೆಡ್ ಸಾಹೇಬರನ್ನೂ ಕೂರಿಸಿಕೊಂಡು ನಮ್ಮ ಗಾಡಿ ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೊರಟಿತು. ಅರ್ಧ ದಾರಿಯವರೆಗೂ ಹೆಡ್ ಸಾಹೇಬರು ನರಳುತ್ತಿದ್ದರು. ನಡುನಡುವೆ, ಮುಂದಿನ ಸಲ ಅರಿಶಿನ ಕುಂಕುಮವನ್ನೂ ಇಸ್ಕೊಂಡು ಬಾ ಎಂದು ನನ್ನನ್ನು ಆಡಿಕೊಂಡರು. ನನಗೆ ನಗುವೂ ಬಂತು, ಅಳುವೂ ಬಂತು. ಆ ಏಟು ನನಗೆ ಬೀಳಬೇಕಾದದ್ದು. ತಪ್ಪಾಯ್ತು ಸಾ ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಹೆಂಡತಿ ಅವರ ಮುರಿದ ಕೈಯನ್ನೇ ನೋಡುತ್ತಿದ್ದಳು.

"ನಾಕ್ ವರ್ಸದಿಂದ ಆ ಕೋಲಲ್ಲೇ ಒಡೀತಿದ್ದ ಸಾ," ಎಂದಳು. "ಅಡ್ಡ ಬಂದೋರ್ನ ನಾನು ಇವತ್ತೇ ಕಂಡಿದ್ದು."

ಹೆಡ್ ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಸ್ಪತ್ರೆ ತಲುಪುವವರೆಗೂ ಅವರು ಮತ್ತೆ ನರಳಲಿಲ್ಲ.